ಮೇಣ ಹಾಡಿಯಲ್ಲೇ ಬತ್ತಿಯಾಗಲಿ

ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಮತದವರೂ ಇದ್ದಾರೆ. ಜೂನ್ 13ರ ಹಬ್ಬದ ಹೊತ್ತಿಗಂತೂ ಅಲ್ಲಿ ಹಚ್ಚುವ ಮೇಣದಬತ್ತಿಗಳನ್ನು ಎಣಿಸಿದವರಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಬತ್ತಿಗಳು ಬಹುತೇಕ ಪ್ಯಾರಾಫಿನ್‌ನವು. ಕಚ್ಚಾತೈಲ ಸಂಸ್ಕರಿಸುವಾಗ ಹುಟ್ಟುವ ಮೇಣ ಅದು. ಇದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು ಹೆಜ್ಜೇನು ಇಳಿಸುತ್ತಾರೆ. ಜೇನಿಗೆ ಬೆಲೆ ಕಟ್ಟುವವರಿದ್ದಾರೆ, ಕೊಳ್ಳುವ ಸಹಕಾರ ಸಂಘವೂ ಇದೆ. ಹಿಂಡಿ ಉಳಿದ ಹುಟ್ಟನ್ನು ಯಾರಾದರೂ ಕರಗಿಸಿ ಗಟ್ಟಿ ಮಾಡಿದರೆ ಅದು ಕಚ್ಚಾ ಮಾಲಾಗಿ ಕೈದಾಟಿ ಹೋಗುತ್ತದೆ, ಇಲ್ಲವಾದರೆ ಹಿಪ್ಪೆಯಾಗಿ ಹಿತ್ತಿಲು ಸೇರುತ್ತದೆ. ಈ ಮೇಣ ತಾಲ್ಲೂಕಿನ ಗಡಿ ದಾಟುವ ಮೊದಲೇ ಹಾಡಿಯ ಮನೆಗಳಲ್ಲಿ ಬತ್ತಿಯಾಗಬೇಕು, ಅದರ ಮೊದಲ ಗಿರಾಕಿ ಐವತ್ತು ಅರವತ್ತು ಕಿಲೋಮೀಟರ್ ಆಚೆಯ ಚರ್ಚುಗಳೇ ಆಗಬೇಕು ಎಂಬುದು ನನ್ನ ವಾದ.

ಜೇನುಮೇಣ ಹಿಪ್ಪೆಯೆಂದು ತಿಳಿಯುವುದೇ ದೊಡ್ಡ ತಪ್ಪು. ಎಳೆಯ ಕೆಲಸಗಾರ ನೊಣಗಳ ಹೊಟ್ಟೆಯಡಿಯ ಗ್ರಂಥಿಗಳಿಂದ ಅದು ತೆಳು ಚಕ್ಕೆಗಳಾಗಿ ಒಸರುತ್ತದೆ; ಒಂದು ಕಿಲೋ ಮೇಣ ಕಟ್ಟಲು ನೊಣಗಳು ಆರರಿಂದ ಎಂಟು ಕಿಲೋ ಜೇನು ತಿನ್ನುತ್ತವೆ ಎಂಬುದು ಜೇನು ಕೃಷಿಯ ಪಠ್ಯಗಳಲ್ಲೆಲ್ಲ ಕಾಣುವ ಲೆಕ್ಕ. ಪೆಟ್ಟಿಗೆಯಲ್ಲಿ ತುಡುವೆ ಸಾಕುವವರು ಯಂತ್ರದಲ್ಲಿ ಜೇನು ತೆಗೆದು ಎರಿಯನ್ನು ಮತ್ತೆ ಪೆಟ್ಟಿಗೆಗೇ ಇಡುತ್ತಾರೆ, ಹಾಗಾಗಿ ಅವರಿಗೆ ಮೇಣ ಸಿಗುವುದು ಅತ್ಯಲ್ಪ. ಮರದ ಮೇಲಿನ ಹೆಜ್ಜೇನಿನ ಕತೆ ಬೇರೆ. ಹುಟ್ಟನ್ನೇ ಕೊಯ್ದು ಹಿಂಡುವುದರಿಂದ ಸುಮಾರು ಹತ್ತು ಕಿಲೋ ಜೇನಿಗೆ ಒಂದು ಕಿಲೋದಷ್ಟು ಮೇಣ ದಕ್ಕುತ್ತದೆ. ಕಾಡುಜೇನಿನ ಸೀಮೆಯೆಂದರೆ ಮೇಣದ ಸೀಮೆಯೂ ಹೌದು. ನೆರೆಯ ಕೊಡಗಿನವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. 1936ರಲ್ಲಿ ವಿರಾಜಪೇಟೆಯಲ್ಲಿ ಕಟ್ಟಿದ ಸಂಘಕ್ಕೆ ಅವರು ಇಟ್ಟ ಹೆಸರು ಕೊಡಗು ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ.

ಕಾನೂನೂ ಈ ವಾದದ ಪರವಾಗಿಯೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಯಾವುದೆಂದು ಪಟ್ಟಿ ಮಾಡುವಾಗ ಜೇನಿನ ಪಕ್ಕದಲ್ಲೇ ಮೇಣವನ್ನೂ ಹೆಸರಿಸಿದೆ. ಅದನ್ನು ಸಂಗ್ರಹಿಸುವ, ಬಳಸುವ, ಮಾರುವ ಒಡೆತನ ಕಾಡುವಾಸಿಗಳದ್ದು. 2012ರಲ್ಲಿ ತಿದ್ದಿದ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಗ್ರಹಿಸಿದ್ದನ್ನು ಸಂಸ್ಕರಿಸುವುದು, ಮೌಲ್ಯ ಹೆಚ್ಚಿಸುವುದು, ಕಾಡಿನ ಹೊರಗೆ ಸಾಗಿಸುವುದು ಎಲ್ಲವನ್ನೂ ಆ ಹಕ್ಕಿನೊಳಗೇ ಸೇರಿಸಿವೆ. ಹಾಡಿಯ ಹೆಣ್ಣುಮಗಳೊಬ್ಬಳು ಒಲೆಯ ಮೇಲೆ ಮೇಣ ಕರಗಿಸಿ ಬತ್ತಿ ಮಾಡಿ ಪೇಟೆಗೆ ತಂದರೆ ಅದು ಯಾರ ಕೃಪೆಯೂ ಅಲ್ಲ.

ಮನೆಯಲ್ಲೇ ಏಕೆ, ಒಂದು ಘಟಕ ಹಾಕಬಾರದೇ ಎಂದು ಕೇಳುವವರಿದ್ದಾರೆ. ಕೆಲಸದ ಸ್ವರೂಪ ನೋಡಿದರೆ ಉತ್ತರ ಅಲ್ಲೇ ಇದೆ. ಹಿಂಡಿದ ಹುಟ್ಟನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಬಿಸಿನೀರಿನಲ್ಲಿ ಅದುಮಿದರೆ ಮೇಣ ಮೇಲೆ ತೇಲುತ್ತದೆ. ರಾತ್ರಿಯಿಡೀ ಆರಲು ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಹಳದಿ ಬಿಲ್ಲೆ ಕಟ್ಟಿರುತ್ತದೆ, ಅಡಿಗೆ ಅಂಟಿದ ಗಸಿಯನ್ನು ಚಾಕುವಿನಿಂದ ಹೆರೆದರಾಯಿತು. ಕಬ್ಬಿಣದ ಪಾತ್ರೆಯಲ್ಲಿ ಮೇಣ ಕಪ್ಪಾಗುತ್ತದೆ, ಗಡಸು ನೀರಿನಲ್ಲಿ ಸಾಬೂನಿನಂತೆ ಮಬ್ಬಾಗುತ್ತದೆ. ಸ್ಟೀಲು ಪಾತ್ರೆ, ಮಳೆನೀರು ಇದ್ದರೆ ಎರಡೂ ತಾಪತ್ರಯವಿಲ್ಲ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿನ ಪಾತ್ರೆಯೊಳಗೆ ಉದ್ದನೆಯ ಡಬ್ಬಿ ಇಟ್ಟು ಕರಗಿಸಿ, ಹೆಣೆದ ಹತ್ತಿದಾರವನ್ನು ಅದ್ದಿ ತೆಗೆದು, ಆರಿಸಿ ಮತ್ತೆ ಅದ್ದುತ್ತಾ ಹೋದರೆ ಬತ್ತಿ ಪದರ ಪದರವಾಗಿ ದಪ್ಪವಾಗುತ್ತದೆ. ಮೊದಲ ಸಲ ಅದ್ದಿದಾಗ ದಾರದಿಂದ ಗುಳ್ಳೆ ಏಳುವುದು ನಿಲ್ಲುವವರೆಗೂ ಬಿಡಬೇಕು, ಇನ್ನೂ ಬೆಚ್ಚಗಿರುವಾಗಲೇ ಹಲಗೆಯ ಮೇಲೆ ಉರುಳಿಸಿ ನೆಟ್ಟಗೆ ಮಾಡಬೇಕು. ಪ್ಯಾರಾಫಿನ್‌ಗೆ ಸಾಕಾಗುವ ದಾರ ಇದಕ್ಕೆ ಸಾಲದು. ಸಣಕಲು ದಾರ ಹಾಕಿದರೆ ಉರಿ ಕರಗಿದ ಮೇಣದಲ್ಲೇ ಮುಳುಗಿ ಆರುತ್ತದೆ, ಅತಿ ದಪ್ಪ ಹಾಕಿದರೆ ಹೊಗೆ ಕಾರುತ್ತದೆ. ಜೇನಿನ ಸುಗ್ಗಿಯ ಕೆಲವು ವಾರಗಳಲ್ಲಿ ಬರುವ ಸಣ್ಣ ಪ್ರಮಾಣದ ಮಾಲಿಗೆ ವರ್ಷವಿಡೀ ಓಡಬೇಕಾದ ಯಂತ್ರ ಹಾಕುವುದು ದುಡ್ಡು ಸುರಿದಂತೆ. ಮೇಣವಾದರೋ ಕೆಡುವ ಪದಾರ್ಥವಲ್ಲ. ಬೇಸಿಗೆಯಲ್ಲಿ ಶುದ್ಧ ಮಾಡಿಟ್ಟ ಬಿಲ್ಲೆಯನ್ನು ಮಳೆಗಾಲದಲ್ಲಿ ಕೂಲಿ ಇಲ್ಲದ ದಿನಗಳಲ್ಲಿ ಬತ್ತಿ ಮಾಡಬಹುದು, ಕ್ರಿಸ್ಮಸ್‌ಗೆ ಮಾರಬಹುದು. ಬೆಂಕಿಯ ಭಯ ನಿಜ. ಹುಲ್ಲುಮಾಡಿನ ಮನೆಗಳಿರುವಲ್ಲಿ ಅದು ಇನ್ನೂ ನಿಜ. ಮೇಣವನ್ನು ಎಂದೂ ನೇರ ಉರಿಯ ಮೇಲೆ ಇಡದಿರುವುದು, ಒಲೆಯನ್ನು ಮನೆಯ ಹೊರಗೆ ಹೂಡುವುದು, ಹೊತ್ತಿಕೊಂಡರೆ ನೀರು ಎರಚದೆ ಮುಚ್ಚಳ ಹಾಕುವುದು, ಇಷ್ಟನ್ನು ಮೊದಲ ದಿನವೇ ಕಲಿಸಬೇಕು.

ಬೆಲೆಯದ್ದು ಹೆಚ್ಚು ಗಟ್ಟಿಯಾದ ಆಕ್ಷೇಪ. ಜೇನುಮೇಣ ಪ್ಯಾರಾಫಿನ್‌ಗಿಂತ ಹಲವು ಪಟ್ಟು ದುಬಾರಿ. ಹತ್ತು ರೂಪಾಯಿಯ ಬತ್ತಿ ಹಚ್ಚಿ ಕೈಮುಗಿಯುವ ಭಕ್ತರು ಇದನ್ನು ಕೊಳ್ಳಲಾರರು. ಒಪ್ಪುತ್ತೇನೆ. ಅವರ ಬತ್ತಿ ಕಿತ್ತುಕೊಳ್ಳುವ ಮಾತು ಇಲ್ಲಿಲ್ಲ. ಆದರೆ ಬಲಿಪೀಠದ ಬತ್ತಿ ಬೇರೆ, ಹರಕೆಯ ಬತ್ತಿ ಬೇರೆ. ಕಥೋಲಿಕ ಧರ್ಮಸಭೆ ಶತಮಾನಗಳ ಕಾಲ ಬಲಿಪೀಠಕ್ಕೆ ಜೇನುಮೇಣವನ್ನೇ ಕೇಳಿತ್ತು. 1904ರಲ್ಲಿ ರೋಮ್ ನಿಯಮ ಸಡಿಲಿಸಿದಾಗಲೂ ಈಸ್ಟರ್‌ನ ದೊಡ್ಡ ಬತ್ತಿ ಮತ್ತು ಪೂಜೆಯ ಮುಖ್ಯ ಬತ್ತಿಗಳಲ್ಲಿ ಜೇನುಮೇಣದ ಪಾಲೇ ಹೆಚ್ಚಿರಬೇಕು ಎಂದಿತು. ಈಸ್ಟರ್ ಹಿಂದಿನ ರಾತ್ರಿ ಆ ದೊಡ್ಡ ಬತ್ತಿ ಹೊತ್ತಿಸಿ ಹಾಡುವ ಸ್ತುತಿಯಲ್ಲಿ ಜೇನುನೊಣಗಳ ದುಡಿಮೆಯ ಪ್ರಸ್ತಾಪ ಇಂದಿಗೂ ಇದೆ. ಮೈಸೂರು ಧರ್ಮಕ್ಷೇತ್ರದ ಚರ್ಚುಗಳು ಬಲಿಪೀಠದ ಬತ್ತಿಗಳನ್ನಷ್ಟೇ ಈ ಹಾಡಿಗಳಿಂದ ಕೊಂಡರೂ ಇಲ್ಲಿ ಸಿಗುವ ಮೇಣಕ್ಕೆ ಖಾತ್ರಿಯ ಗಿರಾಕಿ ಸಿಕ್ಕಂತೆ. ಮಿಕ್ಕಿದ್ದಕ್ಕೆ ಮೈಸೂರು, ಬೆಂಗಳೂರಿನಲ್ಲಿ ಉಡುಗೊರೆ ಕೊಡುವವರಿದ್ದಾರೆ. ಮೇಣವನ್ನು ಸೌಂದರ್ಯವರ್ಧಕ ಕಂಪನಿಗಳಿಗೆ ಮಾರುವುದೇ ಲಾಭ ಎನ್ನುವವರು, ಅಲ್ಲಿ ಹಾಡಿಗೆ ದಕ್ಕುವುದು ಕಚ್ಚಾ ಮಾಲಿನ ದರ ಮಾತ್ರ ಎಂಬುದನ್ನು ಮರೆಯುತ್ತಾರೆ. ಬತ್ತಿಯಲ್ಲಾದರೆ ಕೈಕೆಲಸದ ಕೂಲಿಯೂ ಹಾಡಿಯವರದ್ದೇ.

ಆದರೆ ಕೊಳ್ಳುವವರನ್ನು ಸುಳ್ಳು ಹೇಳಿ ಕರೆಯಬಾರದು. ಜೇನುಮೇಣದ ಬತ್ತಿ ಗಾಳಿಯನ್ನು ಶುದ್ಧ ಮಾಡುತ್ತದೆ, ಋಣ ಅಯಾನು ಬಿಡುತ್ತದೆ ಎಂದೆಲ್ಲ ಮಾರುವವರು ಹೇಳುವುದುಂಟು. ಅದಕ್ಕೆ ನಂಬಬಹುದಾದ ಆಧಾರವಿಲ್ಲ. ಯಾವ ಬತ್ತಿ ಉರಿದರೂ ಅಷ್ಟಿಷ್ಟು ಮಸಿ ಏಳುತ್ತದೆ. ನಿಧಾನವಾಗಿ ಉರಿಯುತ್ತದೆ, ಸುಗಂಧ ಬೆರೆಸದೆಯೂ ನವಿರಾದ ಜೇನಿನ ವಾಸನೆ ಇದೆ, ಎಲ್ಲಿಯ ಮೇಣ ಯಾರ ಕೈಯ ಕೆಲಸ ಎಂದು ಹೇಳಬಲ್ಲೆವು: ಈ ನಿಜಗಳು ಸಾಕು. ಪ್ಯಾರಾಫಿನ್ ಬೆರೆಸಿ ಅಪ್ಪಟ ಜೇನುಮೇಣವೆಂದು ಮಾರುವ ದಂಧೆಯ ಎದುರು ನಿಲ್ಲಬೇಕಾದರೆ ಈ ಪ್ರಾಮಾಣಿಕತೆಯೇ ಬಂಡವಾಳ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಪರಿಸರದ್ದು. ಮೇಣಕ್ಕೆ ಬೆಲೆ ಬಂದರೆ ಮರಿಹುಳುಗಳಿರುವ ಹುಟ್ಟನ್ನೂ ಕೊಯ್ದಾರು, ಹೆಜ್ಜೇನು ನಾಶವಾದೀತು ಎಂಬ ಭಯ. ಇದನ್ನು ತಳ್ಳಿಹಾಕುವಂತಿಲ್ಲ; 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದದ್ದನ್ನು ಕಂಡ ನಾಡು ಇದು. ತಡೆಯುವ ದಾರಿ ಖರೀದಿಯಲ್ಲೇ ಇದೆ. ಒಂದು ಕುಟುಂಬ ತಂದ ಜೇನಿನ ತೂಕಕ್ಕೆ ತಕ್ಕಷ್ಟು ಮೇಣವನ್ನು ಮಾತ್ರ ಸಂಘ ಕೊಳ್ಳಲಿ, ಅದಕ್ಕಿಂತ ಹೆಚ್ಚು ತಂದರೆ ಬೇಡವೆನ್ನಲಿ. ಹೆಜ್ಜೇನಿಗೆ ಇದಕ್ಕಿಂತ ದೊಡ್ಡ ಅಪಾಯ ಕಾಡಿನ ಹೊರಗಿದೆ. ಕೆ.ಆರ್. ನಗರವೂ ಸೇರಿ ಈ ನಾಲ್ಕು ತಾಲ್ಲೂಕುಗಳೇ ರಾಜ್ಯದ ವರ್ಜೀನಿಯಾ ಹೊಗೆಸೊಪ್ಪಿನ ಮುಖ್ಯ ಸೀಮೆ. ಎಲೆ ದಪ್ಪವಾಗಲೆಂದು ಕುಡಿ ಮುರಿಯುವುದರಿಂದ ಎಕರೆಗಟ್ಟಲೆ ಹೊಲದಲ್ಲಿ ನೊಣಕ್ಕೆ ಹೂವಿಲ್ಲ, ಹೇನಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಜೇನುನೊಣಕ್ಕೆ ವಿಷ, ಎಲೆ ಹದ ಮಾಡುವ ಬ್ಯಾರನ್‌ಗಳಿಗೆ ಸೌದೆಯಾಗಿ ಹೋಗುವುದು ಮರಗಳು. ಆ ಬೆಳೆಗೆ 1976ರಿಂದ ಒಂದು ಮಂಡಳಿ ಇದೆ, ದರ್ಜೆ ಇದೆ, ಹುಣಸೂರಿನ ಕಟ್ಟೆಮಳಲವಾಡಿಯಂಥ ಊರುಗಳಲ್ಲಿ ಹರಾಜು ಮಾರುಕಟ್ಟೆ ಇದೆ. ಮೇಣಕ್ಕೆ ಒಂದು ತಕ್ಕಡಿಯನ್ನಾದರೂ ಹಿಡಿಯೋಣ.

ಆ ತಕ್ಕಡಿ ಹಿಡಿಯಬೇಕಾದವು ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಗಳು. ಸುಗ್ಗಿಯಲ್ಲಿ ಜೇನಿನ ಜೊತೆ ಮೇಣವನ್ನೂ ತೂಗಿ ಸ್ಥಳದಲ್ಲೇ ಹಣ ಕೊಡಲಿ. ಅದೇ ಮೇಣವನ್ನು ತೂಕದ ಲೆಕ್ಕದಲ್ಲಿ ಮನೆಗಳಿಗೆ ಮರಳಿಸಿ, ಬತ್ತಿಯಾಗಿ ವಾಪಸು ಪಡೆದು ಕೂಲಿ ಕೊಡಲಿ. ಹೀಗಾದರೆ ನಾಗರಹೊಳೆಯಿಂದ ಹೊರಬಂದು ಹುಣಸೂರಿನ ನಾಗಾಪುರ ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದ ಕುಟುಂಬಗಳಿಗೂ ಕೆಲಸ ಸಿಗುತ್ತದೆ. ಕಾಡು ಕಳೆದುಕೊಂಡದ್ದಕ್ಕೆ ಬತ್ತಿ ಪರಿಹಾರವೆಂದು ಯಾರೂ ಈ ಮಾತನ್ನು ತಿರುಚಬಾರದು. ಮೇಣ ಬರುವುದು ಜೇನಿನಿಂದ, ಜೇನು ಬರುವುದು ಕಾಡಿಗೆ ಹೋಗಲು ಬಿಟ್ಟರೆ. ಆದ್ದರಿಂದ ಬತ್ತಿ ತಯಾರಿಯ ತರಬೇತಿಗೆ ಹಣ ಕೇಳುವ ಅರ್ಜಿಯ ಜೊತೆಗೇ, ಜೇನು ಮತ್ತು ಮೇಣದ ಮೇಲಿನ ಸಮುದಾಯ ಹಕ್ಕುಪತ್ರದ ಅರ್ಜಿಯನ್ನೂ ಪ್ರತಿ ಹಾಡಿಯ ಗ್ರಾಮಸಭೆ ಮಂಡಿಸಬೇಕು, ಎರಡನ್ನೂ ಜಿಲ್ಲಾಡಳಿತ ಒಂದೇ ಕಡತವಾಗಿ ನೋಡಬೇಕು.