ಕೆಳಗಿನ ಮನೆಯ ಗೋಡೆ ಒದ್ದೆಯಾದಾಗ

ಭಾನುವಾರ ಬೆಳಿಗ್ಗೆ ಬೆಲ್ ಆಯ್ತು. ಬಾಗಿಲು ತೆಗೆದರೆ ಕೆಳಗಿನ ಮನೆಯ ಆಂಟಿ. "ಒಂದ್ನಿಮಿಷ ಕೆಳಗೆ ಬಂದು ನೋಡಪ್ಪ, ನಮ್ಮ ರೂಮಿನ ಗೋಡೆ ಒದ್ದೆಯಾಗ್ತಿದೆ" ಅಂದರು. ಹೋಗಿ ನೋಡಿದೆ. ಅವರ ಬಾತ್‌ರೂಮಿನ ಸೀಲಿಂಗಿನ ಮೂಲೆಯಲ್ಲಿ ಕಂದು ಕಲೆ, ಪಕ್ಕದ ಬೆಡ್‌ರೂಮಿನ ಗೋಡೆಯಲ್ಲಿ ಪೇಂಟು ಗುಳ್ಳೆ ಎದ್ದು ಉದುರುತ್ತಿತ್ತು. ಅದೇ ಗೋಡೆಗೆ ಆನಿಸಿ ಅಂಕಲ್ ಮಲಗುವ ಮಂಚ. ಅವರಿಗೆ ಮೊದಲೇ ವೀಸಿಂಗ್ ಇದೆ. ಅದು ಗೊತ್ತಿದ್ದೂ ನನ್ನ ಬಾಯಿಂದ ಬಂದ ಮೊದಲ ಮಾತು, "ನಮ್ಮದಲ್ಲ ಅನ್ಸುತ್ತೆ ಆಂಟಿ, ನಮ್ಮಲ್ಲಿ ಎಲ್ಲೂ ಲೀಕ್ ಇಲ್ಲ." ಆಂಟಿ ಮತ್ತೆ ಮಾತಾಡಲಿಲ್ಲ. ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ನನಗೆ ಕೆಟ್ಟದೆನಿಸಿತ್ತು.

ಮಧ್ಯಾಹ್ನ ಪ್ಲಂಬರ್ ಬಂದ. ಎರಡು ನಿಮಿಷ ನೋಡಿ, "ಪೂರ್ತಿ ಟೈಲ್ಸ್ ಒಡೆದು ವಾಟರ್‌ಪ್ರೂಫಿಂಗ್ ಮಾಡಬೇಕು ಸಾರ್, 60 ಸಾವಿರ ಇಟ್ಕೊಳ್ಳಿ" ಅಂದ. ಎಲ್ಲಿಂದ ಸೋರುತ್ತಿದೆ ಅಂತ ಕೇಳಿದರೆ, ಒಡೆದ ಮೇಲೆ ಗೊತ್ತಾಗುತ್ತಂತೆ! ನಮ್ಮ ಕೆಲಸದಲ್ಲಿ ಬಗ್ ಎಲ್ಲಿದೆ ಅಂತ ತಿಳಿಯದೆ ಇಡೀ ಪ್ರೋಗ್ರಾಮ್ ಅಳಿಸಿ ಹೊಸದಾಗಿ ಬರೀತೀನಿ ಅಂದರೆ ಮ್ಯಾನೇಜರ್ ಮನೆಗೆ ಕಳಿಸ್ತಾರೆ. ಒಂದು ವಾರ ಟೈಮ್ ಕೊಡಿ ಅಂತ ಪ್ಲಂಬರಿಗೂ ಆಂಟಿಗೂ ಹೇಳಿದೆ.

ಬಾತ್‌ರೂಮಿನಿಂದ ನೀರು ಸೋರುವುದು ಮೂರು ದಾರಿಯಲ್ಲಿ. ಗೋಡೆಯೊಳಗಿನ ಪೈಪು, ಕಮೋಡು ಮತ್ತು ಡ್ರೈನ್ ಪೈಪು, ಇಲ್ಲವೇ ನೆಲ. ಮೊದಲನೆಯದರಲ್ಲಿ ನೀರು ಸದಾ ಒತ್ತಡದಲ್ಲಿರುತ್ತದೆ, ಆದ್ದರಿಂದ ನೀವು ಊರಿಗೆ ಹೋದರೂ ಸೋರುತ್ತಲೇ ಇರುತ್ತದೆ. ಉಳಿದೆರಡು ನಾವು ನೀರು ಬಳಸಿದಾಗ ಮಾತ್ರ.

ಪೈಪಿನ ಪರೀಕ್ಷೆ ಸುಲಭ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೀಟರಿನ ಫೋಟೋ ತೆಗೆದಿಡಿ, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಇನ್ನೊಂದು ತೆಗೆಯಿರಿ. ಅಂಕಿ ಬದಲಾಗಿರಬಾರದು. ಮೀಟರ್ ಇಲ್ಲದಿದ್ದರೆ ಪ್ಲಂಬರ್ ಹತ್ತಿರ ಗೇಜ್ ಇರುವ ಕೈಪಂಪು ಇರುತ್ತದೆ, ಲೈನಿಗೆ ಜೋಡಿಸಿ ಒತ್ತಡ ಏರಿಸಿದರೆ ಮುಳ್ಳು ಇಳಿಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇನ್ನೊಂದು ಸೂಚನೆ ಗೀಸರಿನದು. ಯಾರೂ ಬಿಸಿನೀರು ಬಳಸದಿದ್ದರೂ ಅದರ ಕೆಂಪು ದೀಪ ಮತ್ತೆ ಮತ್ತೆ ಹತ್ತುತ್ತಿದ್ದರೆ ಬಿಸಿನೀರಿನ ಪೈಪನ್ನು ಅನುಮಾನಿಸಿ. ನಮ್ಮ ಮೀಟರ್ ಕದಲಲಿಲ್ಲ.

ಆಮೇಲೆ ಫ್ಲಶ್ ಟ್ಯಾಂಕು. ಕೇಸರಿಬಾತ್‌ಗೆ ಹಾಕುವ ಫುಡ್ ಕಲರ್ ಅರ್ಧ ಚಮಚ ಟ್ಯಾಂಕಿನ ನೀರಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟೆ. ಬಣ್ಣ ತಾನಾಗಿ ಕಮೋಡಿಗೆ ಇಳಿದಿದ್ದರೆ ಒಳಗಿನ ರಬ್ಬರ್ ವಾಷರ್ ಹೋಗಿದೆ ಅಂತ ಅರ್ಥ. ನಮ್ಮದು ಇಳಿದಿತ್ತು! ಸಿಕ್ಕಿಬಿತ್ತು ಅಂತ ಖುಷಿಪಟ್ಟೆ. ಆದರೆ ಆ ನೀರು ಕಮೋಡಿನೊಳಗೇ ಹೋಗುತ್ತದೆ, ಕೆಳಗಿನ ಮನೆಗಲ್ಲ. ವಾಷರ್ ಬದಲಿಸಿದೆ, ನೀರು ಉಳಿಯಿತು, ಆಂಟಿಯ ಗೋಡೆ ಹಾಗೇ ಇತ್ತು. ಬಣ್ಣದ ನೀರನ್ನೇ ಏಳೆಂಟು ಸಲ ಫ್ಲಶ್ ಮಾಡಿ ಕಮೋಡಿನ ಬುಡ, ಹಿಂದಿನ ಜೋಡಣೆ ಎಲ್ಲ ಟಿಶ್ಯೂ ಪೇಪರಿನಿಂದ ಒರೆಸಿ ನೋಡಿದೆ. ಪೇಪರಿಗೆ ಬಣ್ಣ ಹತ್ತಲಿಲ್ಲ.

ಉಳಿದದ್ದು ನೆಲ. ನಹಾನಿ ಟ್ರ್ಯಾಪಿನ ಜಾಲರಿ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಮರಳು ತುಂಬಿ ಅದರ ಕುತ್ತಿಗೆಗೆ ಬಿಗಿಯಾಗಿ ತುರುಕಿದೆ. ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಟ್ಟೆ. ಅಷ್ಟು ಹೊತ್ತು ಎಲ್ಲರೂ ಇನ್ನೊಂದು ಬಾತ್‌ರೂಮಿಗೆ ಕ್ಯೂ. ಆವಿಯಾಗಿ ಒಂದೆರಡು ಮಿಲಿಮೀಟರ್ ಇಳಿಯುವುದು ಸಹಜ. ನಮ್ಮ ನೀರು ಅರ್ಧ ಇಂಚಿಗಿಂತ ಜಾಸ್ತಿ ಇಳಿದಿತ್ತು. ಪ್ಲಂಬರ್ ಹೇಳಿದ್ದೇ ಸರಿ, 60 ಸಾವಿರ ಹೋಯ್ತು ಅಂದುಕೊಂಡೆ.

ಆದರೆ ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಇಡೀ ನೆಲ ಸೋರುತ್ತಿದೆಯೋ, ಟ್ರ್ಯಾಪಿನ ಸುತ್ತ ಮಾತ್ರವೋ? ನೆಲ ಒಣಗಿಸಿ, ಟ್ರ್ಯಾಪಿನ ಸುತ್ತ ಪುಟ್ಟಿಯಿಂದ ಒಡ್ಡು ಕಟ್ಟಿ, ಒಡ್ಡಿನ ಹೊರಗೆ ಮಾತ್ರ ನೀರು ನಿಲ್ಲಿಸಿದೆ. ಮತ್ತೆ 24 ಗಂಟೆ. ಈ ಸಲ ನೀರು ಗೆರೆಯ ಹತ್ತಿರವೇ ನಿಂತಿತ್ತು. ನೆಲ ಗಟ್ಟಿ, ಟ್ರ್ಯಾಪಿನ ಅಂಚು ಪೊಳ್ಳು.

ಯಾಕೆ ಪೊಳ್ಳಾಯಿತು ಅನ್ನೋದು ನಮ್ಮಮ್ಮನಿಗೆ ಇಷ್ಟವಾಗದ ವಿಷಯ. ಟೈಲ್ಸ್ ಸಂದಿಗೆ, ಟ್ರ್ಯಾಪಿನ ಸುತ್ತ ತುಂಬುವುದು ಸಾಮಾನ್ಯವಾಗಿ ಬಿಳಿ ಸಿಮೆಂಟು. ಆ್ಯಸಿಡ್ ಹಾಕಿ ಉಜ್ಜಿದಾಗ ಕರೆಯ ಜೊತೆ ಸಿಮೆಂಟೂ ಕರಗುತ್ತದೆ. ಆ ಬುಸಬುಸ ನೊರೆ ಕಂಡರೆ ಕ್ಲೀನ್ ಆಗ್ತಿದೆ ಅಂತ ಸಮಾಧಾನ, ಆದರೆ ನೊರೆಯಲ್ಲಿ ಅರ್ಧ ನಮ್ಮ ನೆಲವೇ. "ಮೂವತ್ತು ವರ್ಷದಿಂದ ಹಾಗೇ ತೊಳೀತಿದೀನಿ" ಅಂದರು ಅಮ್ಮ. ನೀರಿನ ಬಿಳಿ ಕರೆಗೆ ವಿನೆಗರ್ ಅಥವಾ ನಿಂಬೆರಸ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಸಾಕು, ಅದನ್ನೂ ನಲ್ಲಿ, ಶವರಿಗೆ ಇಟ್ಟುಕೊಳ್ಳಿ, ಸಂದಿಗೆ ಸುರಿಯಬೇಡಿ. ಇನ್ನು ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಹಾಕಬೇಡಿ. ಹೊರಡುವುದು ಕ್ಲೋರಿನ್ ಅನಿಲ, ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ.

ಪ್ಲಂಬರನ್ನು ಮತ್ತೆ ಕರೆದು ಟ್ರ್ಯಾಪಿನ ಸುತ್ತಲಿನ ನಾಲ್ಕು ಟೈಲ್ಸ್ ಮಾತ್ರ ತೆಗೆಸಿದೆ. ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದಿ! ಹಳೇ ಗಾರೆ ಕೆರೆದು, ವಾಟರ್‌ಪ್ರೂಫ್ ಗಾರೆ ತುಂಬಿ, ಮೇಲೆ ಎಪಾಕ್ಸಿ ಗ್ರೌಟ್ ಹಾಕಿದ. ಎಪಾಕ್ಸಿ ದುಬಾರಿ, ಬೇಗ ಗಟ್ಟಿಯಾಗುವುದರಿಂದ ಕೆಲಸದವರಿಗೆ ಇಷ್ಟವಿಲ್ಲ, "ಬಿಳಿ ಸಿಮೆಂಟೇ ಸಾಕು ಸಾರ್" ಅಂತಾರೆ. ಒಪ್ಪಬೇಡಿ. ನಮಗೆ ಒಟ್ಟು ಆದ ಖರ್ಚು 4,500 ರೂಪಾಯಿ. ಪರೀಕ್ಷೆ ಮಾಡಿದರೂ ನೆಲವೇ ಸೋರುತ್ತಿದೆ ಅಂತ ಬಂದರೆ ಮಾತ್ರ ಪೂರ್ತಿ ಒಡೆಸಲೇಬೇಕು, ಅಲ್ಲಿ ಜಿಪುಣತನ ಬೇಡ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಹತ್ತು ದಿನ ಬಿಟ್ಟು ಆಂಟಿ ಮತ್ತೆ ಬಂದರು, "ಏನೂ ಕಡಿಮೆಯಾಗಿಲ್ಲಪ್ಪ." ನಮ್ಮ ಅಪಾರ್ಟ್‌ಮೆಂಟುಗಳ ಬಾತ್‌ರೂಮಿನ ಕೆಳಗೆ ಸ್ಲ್ಯಾಬನ್ನು ತಗ್ಗಿಸಿ, ಡ್ರೈನ್ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿರುತ್ತಾರೆ. ತಿಂಗಳುಗಟ್ಟಲೆ ಸೋರಿದ ನೀರು ಆ ತೊಟ್ಟಿಯಲ್ಲಿ ನಿಂತಿರುತ್ತದೆ. ಮೇಲೆ ಸರಿಮಾಡಿದರೂ ಅದು ಬಸಿದು ಒಣಗಲು ವಾರಗಳು ಬೇಕು. ಇದನ್ನು ರಿಪೇರಿಗೆ ಮೊದಲೇ ಅವರಿಗೆ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಈ ಹುಡುಗ ಏನೂ ಮಾಡಿಸಿಲ್ಲ ಅಂತ ಅವರಿಗೆ ಅನುಮಾನ ಬಂದರೆ ತಪ್ಪೇನಿಲ್ಲ.

ಆವತ್ತೇ ಕೆಳಗೆ ಹೋಗಿ, ಅಂಕಲ್ ಮಂಚವನ್ನು ಎದುರು ಗೋಡೆಗೆ ಸರಿಸಿ, ಒದ್ದೆಯ ಅಂಚಿನಗುಂಟ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ಒಣಗುವವರೆಗೆ ಪೇಂಟ್ ಬೇಡ, ಹೊಡೆಸಿದರೆ ಮತ್ತೆ ಗುಳ್ಳೆ ಏಳುತ್ತೆ, ಖರ್ಚು ನಮ್ಮದೇ ಅಂತಲೂ ಹೇಳಿದೆ. ಪ್ರತಿ ಭಾನುವಾರ ಒಂದು ಗೆರೆ. ಎರಡನೆಯದು ಮೊದಲನೆಯದರ ಮೇಲೇ ಬಿತ್ತು. ಮೂರನೆಯದು ನಾಲ್ಕು ಬೆರಳು ಒಳಗೆ. ಈಗ ಐದು ಗೆರೆ ಇವೆ, ಕಳೆದ ವಾರದ್ದನ್ನು ಆಂಟಿಯೇ ಎಳೆದಿದ್ದಾರೆ.