ಅವ್ವನ ಮೊಣಕಾಲು, ಬೀದರಿನ ನೀರು

ಈ ಸಲದ ರಜೆ ಗೋವಾಕ್ಕೂ ಅಲ್ಲ, ಕೊಡಗಿಗೂ ಅಲ್ಲ. ಹನಕೆರೆಯಿಂದ ಬೀದರ್‌ಗೆ. ನಮ್ಮ ಮಂಡ್ಯ ಕಡೆಯವರಿಗೆ ಬೀದರ್ ಅಂದ್ರೆ ಭಾಷಣಗಳಲ್ಲಿ ‘ಬೀದರ್‌ನಿಂದ ಚಾಮರಾಜನಗರದವರೆಗೆ’ ಅಂತ ಬರೋ ಹೆಸರು, ಅಷ್ಟೇ. ರಾಜ್ಯದ ಆ ತುದಿಗೆ ಒಂದು ಸಲವಾದ್ರೂ ಹೋಗಿ ಬಂದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಹೋಗೋ ಆಸೆ ಎರಡು ಕಡೆಯಿಂದ ಬಂತು. ಆಫೀಸಲ್ಲಿ ನನ್ನ ಪಕ್ಕ ಕೂರೋ ಗೆಳತಿ ಲುಧಿಯಾನಾದ ಸಿಖ್ ಹುಡುಗಿ. ‘ನಮ್ಮ ಪಂಚ ಪ್ಯಾರೇಗಳಲ್ಲಿ ಒಬ್ಬರು ನಿಮ್ಮ ಕರ್ನಾಟಕದವರು ಗೊತ್ತಾ?’ ಅಂದ್ಲು. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಕಟ್ಟಿದಾಗ ತಲೆ ಕೊಡೋಕೆ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಕುಟುಂಬದವರು. ಸ್ಕೂಲಲ್ಲಿ ಬಹಮನಿ ಸುಲ್ತಾನರ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದೆ, ಈ ಹೆಸರು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಕಡೆ ಅವ್ವ. ನಮ್ಮ ಮನೆದೇವರು ಮದ್ದೂರಿನ ಉಗ್ರನರಸಿಂಹ. ಬೀದರ್‌ನಲ್ಲಿ ಗುಹೆಯೊಳಗೆ ನೀರಲ್ಲೇ ನಡೆದು ಹೋಗಿ ನೋಡೋ ನರಸಿಂಹ ಇದ್ದಾನೆ ಅಂತ ಮೇಲುಕೋಟೆಗೆ ಹೋದಾಗ ಯಾರೋ ಹೇಳಿದ್ರಂತೆ. ಅವ್ವನ ಎರಡೂ ಮೊಣಕಾಲು ಸವೆದಿವೆ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್. ‘ಕುಯ್ಸ್ಕಂಡ್ ಮೇಲೆ ಎಲ್ಲಿಗ್ ಹೋದೇನು ಮಗ, ಅದಕ್ ಮುಂಚೆ ನೀರ್ನಲ್ಲಿರೋ ಸ್ವಾಮೀನ ಒಂದ್ಸಲ ನೋಡ್ಕಂಡ್ ಬಂದ್ಬುಡಾವ’ ಅಂದ್ರು. ಅಪ್ಪ ಹೋದ ಮೇಲೆ ಅವ್ವ ತಾವಾಗಿ ಕೇಳಿದ್ದು ಇದೊಂದನ್ನೇ. ಅಣ್ಣ ‘ತಲೆ ಕೆಟ್ಟಿದ್ಯಾ ನಿಂಗೆ?’ ಅಂತ ನನಗೆ ಬೈದು ಫೋನಿಟ್ಟ.

ಅಣ್ಣನ ಭಯ ಸುಳ್ಳಲ್ಲ. ಝರಣಿ ನರಸಿಂಹ ಇರೋದು ಬೆಟ್ಟ ಕೊರೆದ ಸುರಂಗದ ಕೊನೆಯಲ್ಲಿ. ಸುಮಾರು 300 ಮೀಟರ್ ದೂರ ಸೊಂಟದಿಂದ ಎದೆಮಟ್ಟದ ನೀರಲ್ಲಿ ನಡೀಬೇಕು. ಮೇಲೆ ಬಾವಲಿಗಳು. ಝರಾಸುರ ಅನ್ನೋ ರಾಕ್ಷಸ ಸಾಯೋ ಹೊತ್ತಿಗೆ ಸ್ವಾಮಿಯನ್ನ ತನ್ನ ಗುಹೆಯಲ್ಲೇ ಇರು ಅಂತ ಬೇಡಿಕೊಂಡು, ತಾನು ನೀರಾಗಿ ಪಾದದ ಹತ್ತಿರ ಹರಿದ ಅನ್ನೋದು ಸ್ಥಳಪುರಾಣ. ಜನ ಜಾಸ್ತಿ ಆದಾಗ ಒಳಗೆ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗಾಗುತ್ತೆ, ಕೆಲವು ಕಾಲ ಒಳಗೆ ಬಿಡದೇ ಇರೋದೂ ಉಂಟು.

ಹಾಗಾಗಿ ಟಿಕೆಟ್‌ಗಿಂತ ಮುಂಚೆ ಡಾಕ್ಟರ ಹತ್ತಿರ ಹೋದ್ವಿ. ಅಲ್ಲಿ ಒಂದು ವಿಷಯ ತಿಳೀತು: ಸೊಂಟಮಟ್ಟದ ನೀರಲ್ಲಿ ನಿಂತರೆ ಮೊಣಕಾಲಿನ ಮೇಲೆ ಬೀಳೋ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಅಂದ್ರೆ ತೊಂದರೆ ನೀರಿನದ್ದಲ್ಲ, ಇಳಿಯೋ ಮೆಟ್ಟಿಲು, ಜಾರೋ ನೆಲ, ಗಾಳಿ. ಬಿಪಿ, ಹೃದಯ, ಉಸಿರಾಟ ಎಲ್ಲ ನೋಡಿ, ‘ಜನ ಇಲ್ಲದ ಹೊತ್ತು, ಇಬ್ಬರು ಕೈ ಹಿಡ್ಕೊಂಡು’ ಅಂತ ಒಪ್ಪಿಗೆ ಕೊಟ್ರು. ನಿಮ್ಮ ಮನೆ ಹಿರಿಯರಿಗೆ ಆಸ್ತಮಾ, ಹೃದಯದ ತೊಂದರೆ ಇದ್ರೆ ಬಾಗಿಲಲ್ಲೇ ಕೈ ಮುಗಿಸಿ. ಈ ವಿಷಯದಲ್ಲಿ ಭಕ್ತಿಯ ಮಾತಿಗೆ ಬಗ್ಗಬೇಡಿ.

ಇಡೀ ಪ್ಲಾನ್ ಈ ಒಂದು ಬೆಳಗಿನ ಸುತ್ತ ಕಟ್ಟಿದ್ದು. ಶನಿವಾರ, ಭಾನುವಾರ ಗುಹೆಯಲ್ಲಿ ನೂಕುನುಗ್ಗಲು. ರೈಲಿಳಿದ ದಿನವೇ ನೀರಿಗಿಳಿಸಿದರೆ ಅವ್ವನಿಗೆ ಸುಸ್ತು. ಆದ್ದರಿಂದ ಬುಧವಾರ ಸಂಜೆ ಯಶವಂತಪುರದಿಂದ ಹೊರಟು, ಗುರುವಾರ ಬೀದರ್, ಶುಕ್ರವಾರ ಬೆಳಗ್ಗೆ ಗುಹೆ, ಶನಿವಾರ ಬಸವಕಲ್ಯಾಣ, ಅವತ್ತೇ ವಾಪಸ್. ಭಾನುವಾರ ಮನೆ. ಖರ್ಚಾಗೋದು ಎರಡೇ ದಿನದ ಲೀವ್. ಹನಕೆರೆ ಸ್ಟೇಷನ್‌ನಲ್ಲಿ ಪ್ಯಾಸೆಂಜರ್ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಲೈನ್ ಮೆಟ್ರೋದಲ್ಲಿ ಯಶವಂತಪುರ. ಬೀದರ್ ರೈಲುಗಳ ದಿನ, ದಾರಿ ಬೇರೆ ಬೇರೆ ಇರುತ್ತೆ, ಆಪ್‌ನಲ್ಲಿ ನೋಡ್ಕೊಳ್ಳಿ. ರಿಸರ್ವೇಷನ್ ತೆರೆಯೋದು ಈಗ 60 ದಿನ ಮುಂಚೆ. ಹಿರಿಯರಿಗೆ ಲೋಯರ್ ಬರ್ತ್ ಬೇಕಾದರೆ ಅವತ್ತೇ ಬುಕ್ ಮಾಡಿ.

ಗುರುವಾರದ್ದು ಗುರುದ್ವಾರ ನಾನಕ್ ಝೀರಾ ಸಾಹಿಬ್. 16ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಕಡೆ ಬಂದ ಗುರು ನಾನಕರು ಇಲ್ಲಿ ತಂಗಿದ್ದರು, ಕುಡಿಯೋಕೆ ಸಿಹಿನೀರಿಲ್ಲ ಅಂತ ಜನ ಹೇಳಿದಾಗ ಕಾಲಿಂದ ಕಲ್ಲು ಸರಿಸಿದರು, ಬುಗ್ಗೆ ಚಿಮ್ಮಿತು ಅನ್ನೋದು ನಂಬಿಕೆ. ಝೀರಾ ಅಂದ್ರೇನೇ ಚಿಲುಮೆ. ಆ ನೀರು ಇವತ್ತಿಗೂ ಹರೀತಿದೆ. ಒಳಗೆ ಹೋಗೋಕೆ ಜಾತಿ, ಧರ್ಮ ಯಾರೂ ಕೇಳಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡ್ರೆ ಆಯ್ತು. ಬೀಡಿ, ಸಿಗರೇಟು, ತಂಬಾಕು ಜೇಬಲ್ಲೂ ಇರಬಾರದು. ಅವ್ವನ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪನ್ನ ಮನೆಯಲ್ಲೇ ತೆಗೆಸಬೇಕು, ಗುಹೆಗಿಂತ ಕಷ್ಟದ ಕೆಲಸ ಇದೇ.

ನರಸಿಂಹನ ಹತ್ರಾನೂ ನೀರು, ನಾನಕರ ಹತ್ರಾನೂ ನೀರು, ಊರಾಚೆ ಪಾಪನಾಶ ಶಿವನ ಗುಡಿಯ ಹತ್ರಾನೂ ಬುಗ್ಗೆ. ಯಾಕೆ ಅಂತ ಓದ್ತಾ ಹೋದ್ರೆ ಊರಿನ ಅಡಿಪಾಯಕ್ಕೇ ಬಂದೆ. ಬೀದರ್ ನಿಂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಣ್ಣೆಯ ಮೇಲೆ. ಆ ಕಲ್ಲು ತೂತು ತೂತು, ಮಳೆನೀರನ್ನ ಸ್ಪಂಜಿನ ಹಾಗೆ ಹೀರುತ್ತೆ. ಕೆಳಗಿರೋ ಗಟ್ಟಿ ಕರಿಕಲ್ಲು ಒಳಗೆ ಬಿಡಲ್ಲ. ನೀರು ಅಡ್ಡಡ್ಡ ಹರಿದು ದಿಣ್ಣೆಯ ಅಂಚಿನಲ್ಲಿ ಬುಗ್ಗೆಯಾಗುತ್ತೆ. ಬಹಮನಿಗಳ ಕಾಲದಲ್ಲಿ ಇದೇ ಗುಟ್ಟನ್ನ ಹಿಡಿದು, ಪರ್ಷಿಯಾದ ರೀತಿಯಲ್ಲಿ ನೌಬಾದ್ ಹತ್ತಿರ ನೆಲದಡಿ ಕಾಲುವೆ ಕೊರೆದರು. ಅದಕ್ಕೆ ಕರೇಜ್ ಅಂತಾರೆ. ನಾಲೆ ಗೇಟು ಯಾವಾಗ ಎತ್ತುತಾರೋ ಅಂತ ಕಾಯ್ತಾ ವಿ.ಸಿ. ನಾಲೆ ಪಕ್ಕ ಬೆಳೆದ ನನಗೆ, ಕಲ್ಲೊಳಗಿಂದ ತಾನಾಗೇ ಬರೋ ನೀರೇ ದೊಡ್ಡ ಪವಾಡ. ಒಂದೇ ಬಂಡೆಯ ನೀರನ್ನ ಮೂರು ಕಡೆ ಮೂರು ಹೆಸರಲ್ಲಿ ಕೈಗೆ ತಗೊಂಡು ಕಣ್ಣಿಗೊತ್ತಿಕೊಳ್ತಾರೆ.

ಇಷ್ಟೆಲ್ಲ ಚೆನ್ನಾಗಿ ಹೇಳಿ ಒಂದನ್ನ ಬಿಟ್ಟರೆ ತಪ್ಪಾಗುತ್ತೆ. 1988ರ ಸೆಪ್ಟೆಂಬರ್‌ನಲ್ಲಿ ಇದೇ ಊರಲ್ಲಿ ಓದೋಕೆ ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು, ಹುಡುಗರು ಸತ್ತರು. ಗೆಳತಿಯ ಮನೆಯಲ್ಲಿ ಬೀದರ್ ಅಂದ ಕೂಡಲೇ ಅದೂ ನೆನಪಾಗುತ್ತಂತೆ. ಅವಳೂ ನಮ್ಮ ಜೊತೆ ಬರ್ತಿದ್ದಾಳೆ. ಗುಹೆಯಲ್ಲಿ ಅವ್ವನ ಎಡಗೈ ಹಿಡಿಯೋಳು ಅವಳೇ.

ಕೋಟೆ, 1472ರ ಮಹಮದ್ ಗವಾನ್ ಮದರಸಾ, ಬಿದರಿ ಅಂಗಡಿಗಳು ಶುಕ್ರವಾರ ಮಧ್ಯಾಹ್ನಕ್ಕೆ. ಕೋಟೆ ತುಂಬ ದೊಡ್ಡದು, ಮೊಣಕಾಲು ನೋವಿನವರನ್ನ ಪೂರ್ತಿ ಸುತ್ತಿಸಬೇಡಿ. ಬಸವಕಲ್ಯಾಣ ಸುಮಾರು 80 ಕಿಲೋಮೀಟರ್, ಸರ್ಕಾರಿ ಬಸ್ಸಲ್ಲಿ ಶಕ್ತಿ ಯೋಜನೆಯಿಂದ ನಮ್ಮ ಮೂವರಿಗೂ ಟಿಕೆಟ್ ಪುಕ್ಕಟೆ, ಆಧಾರ್ ಇಟ್ಕೊಳ್ಳಿ. 108 ಅಡಿಯ ಬಸವಣ್ಣನ ಪ್ರತಿಮೆಗಿಂತ ನನಗೆ ಆ ಊರಲ್ಲಿ ಹುಟ್ಟಿದ ದಾಸೋಹದ ಮಾತೇ ದೊಡ್ಡದು. ಹಿಂದಿನ ದಿನ ಲಂಗರ್‌ನಲ್ಲಿ ಸಾಲಾಗಿ ಕೂತು ಉಂಡು ಬಂದವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಾಂದೇಡ್ ಕೈಬಿಟ್ಟಿದ್ದೀನಿ. 1708ರಲ್ಲಿ ಗುರು ಗೋಬಿಂದ್ ಸಿಂಗ್ ತೀರಿಕೊಂಡ ಜಾಗ, ಹಜೂರ್ ಸಾಹಿಬ್, ಗೋದಾವರಿ ದಂಡೆ. ಬೀದರ್‌ನಿಂದ ರಸ್ತೆಯಲ್ಲಿ ಹೆಚ್ಚುಕಡಿಮೆ ಅರ್ಧ ದಿನ. ಮೊಣಕಾಲು ಗಟ್ಟಿ ಇರೋರು ಇನ್ನೆರಡು ದಿನ ಸೇರಿಸಿಕೊಂಡು ಖಂಡಿತ ಹೋಗಿ. ಅವ್ವನಿಗೆ ಹೊಸ ಮೊಣಕಾಲು ಬಂದ ಮೇಲೆ ಅದನ್ನ ನೋಡೋಣ.

ಟಿಕೆಟ್ ಆಗಿದೆ, ಮೂರೂ ಲೋಯರ್ ಬರ್ತ್ ಸಿಕ್ಕಿಲ್ಲ, ಒಂದು ಸಿಕ್ಕಿದೆ. ಅಣ್ಣ ಇನ್ನೂ ಮುನಿಸಲ್ಲಿದ್ದಾನೆ, ಆದರೆ ನೀರಲ್ಲಿ ಜಾರದ ಚಪ್ಪಲಿ ಆನ್‌ಲೈನ್‌ನಲ್ಲಿ ಹುಡುಕಿ ಲಿಂಕ್ ಕಳಿಸಿದ್ದ. ಗುಹೆಗೆ ಬರಿಗಾಲಲ್ಲೇ ಹೋಗಬೇಕು ಅಂತ ವಾಪಸ್ ಮೆಸೇಜ್ ಹಾಕಿದೆ. ಗುರುದ್ವಾರದಲ್ಲಿ ಊಟ ಪುಕ್ಕಟೆ ಅಂದಾಗ ಅವ್ವ ಬರಿಗೈಲಿ ಹೋಗಕಾಯ್ತದಾ ಅಂತ ಎರಡು ಅಚ್ಚು ಬೆಲ್ಲ ಪಟ್ಟಿಗೆ ಸೇರಿಸಿದ್ರು. ಆಲೆಮನೆಯದ್ದೇ ಆಗಬೇಕಂತೆ, ಅಂಗಡೀದು ಬೇಡವಂತೆ.