ಅಡುಗೆ ಉಳಿಯಿತು, ನೆರೆಮನೆ ಉಳಿಯಲಿಲ್ಲ

ಬದನೆಕಾಯಿ, ಕುರಿ ಮಾಂಸ, ಈರುಳ್ಳಿ, ಟೊಮೆಟೊ, ಹುಣಸೆಹಣ್ಣು, ಒಂದಿಷ್ಟು ಸಕ್ಕರೆ. ಇದೆಲ್ಲ ವಾರದ ಸಂತೆಯಲ್ಲೇ ಸಿಗುತ್ತದೆ. ಆದರೆ ಇವನ್ನು ಸೇರಿಸಿ ಮಾಡುವ ಒಂದು ಅಡುಗೆಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ: ಇಂಗ್ರಿಯಿ. ಇದು ಇರಾಕ್ ದೇಶದ ಬಾಗ್ದಾದಿನ ಯಹೂದಿಗಳ ಮನೆ ಅಡುಗೆ. ಹೋದ ಭಾನುವಾರ ನಮ್ಮ ಬಾಡಿಗೆ ಮನೆಯಲ್ಲಿ ಮಾಡಿ ಉಂಡೆವು. ರುಚಿ ಚೆನ್ನಾಗಿತ್ತು. ಉಂಡ ಮೇಲೆ ನಮ್ಮೊಳಗೆ ನಡೆದ ಮಾತು ಮಾತ್ರ ಅಷ್ಟು ಸಿಹಿಯಾಗಿರಲಿಲ್ಲ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅಡುಗೆ ಹೇಳಿಬಿಡುತ್ತೇವೆ. ಮುಕ್ಕಾಲು ಕೆಜಿ ದೊಡ್ಡ ಗುಂಡು ಬದನೆಯನ್ನು ಬೆರಳು ದಪ್ಪದ ಬಿಲ್ಲೆಗಳಾಗಿ ಕೊಯ್ದು, ಉಪ್ಪು ಸವರಿ ಅರ್ಧ ಗಂಟೆ ಬಿಡಿ. ಬಿಟ್ಟ ನೀರನ್ನು ಬಟ್ಟೆಯಿಂದ ಒರೆಸಿ, ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಕರಿಯಿರಿ. ಅರ್ಧ ಕೆಜಿ ಮಾಂಸವನ್ನು ಎಣ್ಣೆಯಲ್ಲಿ ಹುರಿದು, ಉಪ್ಪು, ಕಾಳುಮೆಣಸು, ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಬೇಯಿಸಿ. ಎರಡು ಈರುಳ್ಳಿಯನ್ನು ಬೇರೆಯಾಗಿ ಹುರಿದಿಟ್ಟುಕೊಳ್ಳಿ. ಈಗ ಅಗಲ ಪಾತ್ರೆಯಲ್ಲಿ ಒಂದರ ಮೇಲೊಂದು ಪದರ ಹಾಕಬೇಕು. ತಳಕ್ಕೆ ಈರುಳ್ಳಿ, ಅದರ ಮೇಲೆ ಮಾಂಸ, ಆಮೇಲೆ ಬದನೆ, ಕೊನೆಗೆ ನಾಲ್ಕು ಟೊಮೆಟೊದ ಬಿಲ್ಲೆ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಎರಡು ಚಮಚ ಸಕ್ಕರೆ ಕಲಸಿ, ಮಾಂಸ ಬೆಂದ ನೀರಿನ ಜೊತೆ ಮೇಲಿಂದ ಸುರಿಯಿರಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಸೌಟು ಹಾಕಿ ಕಲಕಬೇಡಿ, ಬದನೆ ಮುದ್ದೆಯಾಗುತ್ತದೆ. ಬೇಕಾದರೆ ಪಾತ್ರೆಯನ್ನೇ ಸ್ವಲ್ಪ ಅಲ್ಲಾಡಿಸಿ.

ನಮ್ಮ ಕೈ ಎರಡು ಸಲ ಖಾರದ ಪುಡಿಯ ಡಬ್ಬಿ ಕಡೆ ಹೋಯಿತು. ತಡೆದುಕೊಂಡೆವು. ಇದರ ರುಚಿ ಇರುವುದೇ ಹುಳಿ ಮತ್ತು ಸಿಹಿಯಲ್ಲಿ. ಹುಣಸೆಯ ಬದಲು ನಿಂಬೆರಸ ಹಾಕುವ ಮನೆಗಳೂ ಇವೆ. ಬಿಸಿ ಅನ್ನದ ಜೊತೆ ಉಣ್ಣಬೇಕು. ಇರಾಕಿನ ಆಡುಮಾತಿನಲ್ಲಿ ಅನ್ನಕ್ಕೆ ತಿಮ್ಮನ್ ಎನ್ನುತ್ತಾರೆ. ನಮ್ಮ ತಿಮ್ಮಣ್ಣನನ್ನು ಕರೆದ ಹಾಗೆ ಕೇಳುತ್ತದೆ!

ನಮ್ಮ ನಾಡಿಗೂ ಈ ಪಾತ್ರೆಗೂ ಹಳೆಯ ನಂಟಿದೆ. ಹುಣಸೆಗೆ ಅರಬ್ಬಿಯಲ್ಲಿ ತಮರ್ ಹಿಂದಿ ಎಂಬ ಹೆಸರು. ಹಿಂದೂಸ್ತಾನದ ಖರ್ಜೂರ ಎಂದು ಅರ್ಥ. ಬಾಗ್ದಾದಿನ ಯಹೂದಿ ವ್ಯಾಪಾರಿಗಳು ಮುಂಬೈ ಮತ್ತು ಕೋಲ್ಕತ್ತಾದಲ್ಲಿ ಬಂದು ನೆಲೆಸಿದ್ದರು. 1830ರ ದಶಕದಲ್ಲಿ ಮುಂಬೈಗೆ ಬಂದ ಡೇವಿಡ್ ಸಸೂನ್ ಅವರಲ್ಲಿ ಹೆಸರಾದವರು. ಇರಾಕಿ ಯಹೂದಿಗಳು ಬದನೆಯ ಜೊತೆ ನೆಂಚಿಕೊಳ್ಳುವ ಮಾವಿನಕಾಯಿ ಉಪ್ಪಿನಕಾಯಿಗೆ ಇವತ್ತಿಗೂ ಅಂಬಾ ಎಂದೇ ಹೆಸರು. ಅದು ಮರಾಠಿಯ ಆಂಬಾ, ಅಂದರೆ ಮಾವು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಹೂದಿಗಳು ಇರಾಕಿಗೆ ನಿನ್ನೆ ಮೊನ್ನೆ ಬಂದವರಲ್ಲ. ಸುಮಾರು 2,500 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಜೆರುಸಲೇಮನ್ನು ಗೆದ್ದು ಅವರನ್ನು ಸೆರೆಹಿಡಿದು ತಂದಿದ್ದ. ಅಲ್ಲಿಂದ ಅವರು ಅದೇ ನೆಲದಲ್ಲಿ ಬಾಳಿದರು, ಅರಬ್ಬಿ ಮಾತಾಡಿದರು. 20ನೇ ಶತಮಾನದ ಆರಂಭದಲ್ಲಿ ಬಾಗ್ದಾದಿನ ಜನರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಯಹೂದಿಗಳೇ ಇದ್ದರು. ಅಂಗಡಿಯವರು, ಗುಮಾಸ್ತರು, ವೈದ್ಯರು, ಸಂಗೀತಗಾರರು, ಎಲ್ಲರೂ ಅವರಲ್ಲಿದ್ದರು.

ಅವರ ಊಟವೂ ಬಾಗ್ದಾದಿನದೇ. ಅಲ್ಲಿನ ಮುಸ್ಲಿಮರ ಮನೆಗಳಲ್ಲೂ ಇಂಥದೇ ಪದರದ ಬದನೆ ಅಡುಗೆ ಇದೆ, ಅದಕ್ಕೆ ತೆಪ್ಸಿ ಎನ್ನುತ್ತಾರೆ. ಯಹೂದಿಗಳ ಧರ್ಮದಲ್ಲಿ ಮಾಂಸದ ಜೊತೆ ಹಾಲು, ಬೆಣ್ಣೆ, ತುಪ್ಪ ಸೇರಬಾರದು. ಹಾಗಾಗಿ ಅವರ ಪಾತ್ರೆಗೆ ಎಣ್ಣೆ ಬೀಳುತ್ತಿತ್ತು. ಪಕ್ಕದ ಮನೆಯಲ್ಲಿ ತುಪ್ಪ ಬಿದ್ದರೂ ನಡೆಯುತ್ತಿತ್ತು. ಉಳಿದಂತೆ ಅದೇ ಬದನೆ, ಅದೇ ಹುಳಿ, ಅದೇ ತಿಮ್ಮನ್.

ಇಲ್ಲಿಗೆ ನಿಲ್ಲಿಸಿ, 'ನೋಡಿ, ಊಟ ಎಲ್ಲರನ್ನೂ ಒಂದು ಮಾಡುತ್ತದೆ' ಎಂದು ಬರೆದುಬಿಟ್ಟರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಅರ್ಧ ಸತ್ಯ.

1941ರ ಜೂನ್ 1 ಮತ್ತು 2ರಂದು ಬಾಗ್ದಾದಿನಲ್ಲಿ ಯಹೂದಿಗಳ ಮೇಲೆ ದಾಳಿ ನಡೆಯಿತು. 150ಕ್ಕೂ ಹೆಚ್ಚು ಜನ ಸತ್ತರು. ಮನೆ, ಅಂಗಡಿಗಳು ಲೂಟಿಯಾದವು. ಇದನ್ನು ಫರ್ಹೂದ್ ಎಂದು ಕರೆಯುತ್ತಾರೆ. ಅವತ್ತು ಯಹೂದಿ ನೆರೆಯವರನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ ಮುಸ್ಲಿಮರಿದ್ದರು. ಲೂಟಿಗೆ ನುಗ್ಗಿದವರೂ ಅದೇ ಊರಿನವರು. ಇಬ್ಬರೂ ಉಂಡಿದ್ದು ಒಂದೇ ಬಗೆಯ ಊಟ.

1948ರಲ್ಲಿ ಇಸ್ರೇಲ್ ಹುಟ್ಟಿ ಯುದ್ಧವಾಯಿತು. ಆ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಇತ್ತ ಇರಾಕಿನಲ್ಲಿ ಯಹೂದಿಗಳನ್ನು ಶತ್ರುಗಳ ಹಾಗೆ ನೋಡತೊಡಗಿದರು, ಸರ್ಕಾರಿ ಕೆಲಸಗಳಿಂದ ತೆಗೆದರು. 1950ರ ಮಾರ್ಚಿನಲ್ಲಿ ಒಂದು ಕಾನೂನು ಬಂತು: ದೇಶ ಬಿಡಬಹುದು, ಆದರೆ ಪೌರತ್ವವನ್ನೂ ಬಿಡಬೇಕು. ಮರುವರ್ಷ ಮಾರ್ಚಿನಲ್ಲಿ, ಹಾಗೆ ಹೊರಡಲು ಹೆಸರು ಬರೆಸಿದವರ ಆಸ್ತಿಯನ್ನೆಲ್ಲ ಸರ್ಕಾರ ತಡೆಹಿಡಿಯಿತು. 1950-51ರಲ್ಲಿ ಸುಮಾರು 1,20,000 ಜನ ವಿಮಾನ ಹತ್ತಿ ಇಸ್ರೇಲಿಗೆ ಹೋದರು. 2,500 ವರ್ಷದ ಬಾಳುವೆ ಎರಡೇ ವರ್ಷದಲ್ಲಿ ಮುಗಿಯಿತು. ಇವತ್ತು ಬಾಗ್ದಾದಿನಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯಷ್ಟು.

ಹೋದ ಕಡೆಯೂ ಸುಖ ಕಾದಿರಲಿಲ್ಲ. ಎಷ್ಟೋ ಕುಟುಂಬಗಳು ಮೊದಲು ಇಳಿದಿದ್ದು ಡೇರೆ ಮತ್ತು ತಗಡಿನ ಶೆಡ್ಡುಗಳ ಶಿಬಿರಗಳಲ್ಲಿ. ಅಲ್ಲಿ ಮಾಂಸ, ಮೊಟ್ಟೆ, ಎಣ್ಣೆ ಎಲ್ಲಕ್ಕೂ ರೇಷನ್. ಮಾಂಸ ಸಿಗದ ಆ ವರ್ಷಗಳಲ್ಲಿ ಜನರ ಕೈ ಹಿಡಿದ ತರಕಾರಿಗಳಲ್ಲಿ ಬದನೆಯೂ ಒಂದು. ಬಾಗ್ದಾದಿನ ಎಷ್ಟೋ ಕುಟುಂಬಗಳು ಮುಂದೆ ರಮತ್ ಗಾನ್ ಎಂಬ ಊರಿನಲ್ಲಿ ನೆಲೆಯೂರಿದವು. ಅಲ್ಲಿನ ಅಡುಗೆಮನೆಗಳಲ್ಲಿ ಇಂಗ್ರಿಯಿ ಮತ್ತೆ ಬೆಂದಿತು.

ಈಗ ಲೆಕ್ಕ ಹಾಕಿ. ಬಾಗ್ದಾದಿನಲ್ಲಿ ತೆಪ್ಸಿ ಇದೆ. ರಮತ್ ಗಾನಿನಲ್ಲಿ ಇಂಗ್ರಿಯಿ ಇದೆ. ಎರಡೂ ಕಡೆ ರುಚಿ ಉಳಿದಿದೆ. ಹೋಗಿದ್ದು ಅವೆರಡೂ ಅಕ್ಕಪಕ್ಕದ ಒಲೆಗಳ ಮೇಲೆ ಬೇಯುತ್ತಿದ್ದ ಬೀದಿ.

ನಮ್ಮ ಅಭಿಪ್ರಾಯ ಇಷ್ಟೇ. ಒಬ್ಬರ ಅಡುಗೆಯನ್ನು ಚಪ್ಪರಿಸುವುದು ಸುಲಭ. ಅದಕ್ಕೆ ಧೈರ್ಯ ಬೇಕಿಲ್ಲ. ಅವರ ಬಾಗಿಲಿಗೆ ಗುಂಪು ಬಂದಾಗ ನಮ್ಮ ಬಾಗಿಲು ತೆಗೆಯುವುದು, ಅವರ ಕೆಲಸ ಹೋದಾಗ, ಅವರ ಅಂಗಡಿಗೆ ಬೀಗ ಬಿದ್ದಾಗ 'ಇದು ತಪ್ಪು' ಎಂದು ಹೇಳುವುದು ಬೇರೆಯೇ ಕೆಲಸ. 1941ರಲ್ಲಿ ನೆರೆಯವರ ಜೀವ ಉಳಿಸಿದ್ದು ತೆರೆದ ಬಾಗಿಲು. ಬಾಗಿಲು ತೆಗೆದವರ ನಾಲಿಗೆಗೂ ಲೂಟಿ ಮಾಡಿದವರ ನಾಲಿಗೆಗೂ ರುಚಿಯಲ್ಲಿ ವ್ಯತ್ಯಾಸವಿರಲಿಲ್ಲ.

'ನಾವು ಅವರ ಊಟ ಉಣ್ಣುತ್ತೇವೆ, ಹಾಗಾಗಿ ನಮ್ಮಲ್ಲಿ ಭೇದವಿಲ್ಲ' ಎನ್ನುವ ಮಾತು ಕೇಳಿದಾಗಲೆಲ್ಲ ನಮಗೆ ಈ ಪಾತ್ರೆ ನೆನಪಾಗುತ್ತದೆ. ಉಣ್ಣುವುದು ಒಳ್ಳೆಯದೇ, ಬೇಡ ಎನ್ನುತ್ತಿಲ್ಲ. ಆದರೆ ಅದು ಪರಿಚಯದ ಮೊದಲ ಮೆಟ್ಟಿಲು ಅಷ್ಟೇ. ಅಲ್ಲೇ ಕೂತುಬಿಟ್ಟರೆ ಆಗದು.

ನೀವೂ ಒಮ್ಮೆ ಇಂಗ್ರಿಯಿ ಮಾಡಿ ನೋಡಿ. ಬದನೆಯನ್ನು ಚೆನ್ನಾಗಿ ಕರಿಯಿರಿ, ಹುಣಸೆಗೆ ಜಿಪುಣತನ ಮಾಡಬೇಡಿ. ಉಣ್ಣುವಾಗ ಮನೆಯ ಮಕ್ಕಳು ಇದು ಎಲ್ಲಿಯ ಅಡುಗೆ ಎಂದು ಕೇಳುತ್ತಾರೆ. ಬಾಗ್ದಾದಿನದು ಎಂದು ಹೇಳಿ. ಮಾಡುತ್ತಿದ್ದವರು ಈಗ ಅಲ್ಲಿಲ್ಲ, ಯಾಕಿಲ್ಲ ಎಂಬುದನ್ನೂ ಹೇಳಿ.